ಎಕ್ಸಾಸ್ಟ್ ಫ್ಯಾನ್ ಹಾಕಿಸುವ ಮುಂಚೆ ಒಂದು ಊದುಬತ್ತಿ ಹಚ್ಚಿ

ಅಂಗಡಿ, ಕ್ಲಿನಿಕ್‌ಗಳ ವಯರಿಂಗ್ ನನ್ನ ಕೆಲಸ. ಒಂದು ಕ್ಲಿನಿಕ್ಕಿನ ವೇಟಿಂಗ್ ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಬೇಕಿತ್ತು. ಕಿಟಕಿಯ ಮೇಲೆ ಹಳೇ ತೂತು ಇತ್ತು. ಸುಮ್ನೆ ಗೋಡೆ ಯಾಕೆ ಒಡೆಯೋದು ಅಂತ ಅಲ್ಲೇ ಕೂರಿಸಿದೆ. ಫ್ಯಾನ್ ಬರ್ರನೆ ತಿರುಗಿತು. ಡಾಕ್ಟರಿಗೂ ಖುಷಿ.

ಆಮೇಲೆ ಎದುರು ಮೂಲೆಯ ಬೆಂಚಿನ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಮೇಲೆದ್ದು ಅಲ್ಲೇ ಸುತ್ತುತ್ತಾ ನಿಂತಿತು. ಕಿಟಕಿಯಿಂದ ಬಂದ ಗಾಳಿ ಹಾಗೇ ಮೇಲೆ ಹೋಗಿ ಫ್ಯಾನಿನಲ್ಲಿ ಹೊರಗೆ ಹೋಗುತ್ತಿತ್ತು. ಕೆಮ್ಮುವವರು ಕೂರುವ ಮೂಲೆಗೆ ಏನೂ ಇಲ್ಲ. ಟಿಬಿ, ದಡಾರ, ಕೋವಿಡ್ ಸುಲಭವಾಗಿ ಹರಡುವುದು ಹೀಗೆ ನಿಂತ ಗಾಳಿಯಲ್ಲಿ ಅಲ್ವಾ?

ಹಾಗಾಗಿ ಮೊದಲು ದಾರಿ ನೋಡಿ. ಹೊಸ ಗಾಳಿ ಒಂದು ಕಡೆ ಒಳಗೆ ಬರಬೇಕು, ಜನರನ್ನು ದಾಟಿ ಎದುರುಗಡೆ ಹೊರಗೆ ಹೋಗಬೇಕು. ಕಿಟಕಿ ಮುಚ್ಚಿಟ್ಟರೆ ಫ್ಯಾನ್ ತಿರುಗುತ್ತದೆ ಅಷ್ಟೇ, ಗಾಳಿ ಎಲ್ಲಿಂದ ಬರಬೇಕು? ಕೆಲವು ಸಲ ಟಾಯ್ಲೆಟ್ಟಿನಿಂದ ಎಳೆದುಕೊಳ್ಳುತ್ತದೆ, ವಾಸನೆಯೇ ಹೇಳುತ್ತದೆ! ಹೊರಗೆ ತಳ್ಳಿದ ಗಾಳಿ ಪಕ್ಕದವರ ಕಿಟಕಿಗೆ ಹೋಗದಂತೆಯೂ ನೋಡಿ.

ಇನ್ನು ಲೆಕ್ಕ. ಆ ರೂಮು 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. 1,800 ಘನ ಅಡಿ, ಅಂದ್ರೆ ಸುಮಾರು 51 ಘನ ಮೀಟರ್. ಜನ ಇರುವ ಕೋಣೆಗಳಲ್ಲಿ ಗಂಟೆಗೆ 5 ಸಲವಾದರೂ ಗಾಳಿ ಬದಲಾಗಲಿ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿತು. ಟಿಬಿ ರೋಗಿಗಳನ್ನು ಬೇರೆ ಇಡುವ ಹೊಸ ಕೋಣೆಗೆ ಅದು ಹೇಳುವುದು 12. ಕೆಮ್ಮುವವರೇ ಬರುವ ಜಾಗ ಅಂತ ನಾನು 12 ಹಿಡಿದೆ: 51×12, ಗಂಟೆಗೆ 612 ಘನ ಮೀಟರ್. ಫ್ಯಾನ್ ಗಂಟೆಗೆ ಎಷ್ಟು ಗಾಳಿ ತಳ್ಳುತ್ತದೆ ಅನ್ನುವ ಅಂಕಿ ಡಬ್ಬದ ಮೇಲೆ ಇರುತ್ತದೆ. ಆದರೆ ಜಾಲರಿ, ಮುಚ್ಚಳ, ಧೂಳು ಸೇರಿದರೆ ಅಷ್ಟು ಗಾಳಿ ಬರುವುದಿಲ್ಲ. ಒಂದು ಸೈಜ್ ಜಾಸ್ತಿಯದೇ ತಗೊಳ್ಳಿ.

ಸೀಲಿಂಗ್ ಫ್ಯಾನ್ ಗಾಳಿಯನ್ನು ಕಲಕುತ್ತದೆ, ಬದಲಿಸುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಏಸಿಯೂ ಒಳಗಿನ ಗಾಳಿಯನ್ನೇ ತಂಪು ಮಾಡಿ ವಾಪಸ್ ಕೊಡುತ್ತದೆ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದರೂ ಪರವಾಗಿಲ್ಲ, ಕಿಟಕಿ ಸ್ವಲ್ಪ ತೆರೆದಿಡಿ. ಅನುಮಾನ ಇದ್ದರೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಡಿ; ನಾವು ಬಿಡುವ ಉಸಿರು ಒಳಗೇ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ತೋರಿಸುತ್ತದೆ. ರೂಮು ತುಂಬಿದಾಗಲೂ 800 ದಾಟದಿದ್ದರೆ ನೆಮ್ಮದಿ.

ಮಳೆಗಾಲದಲ್ಲಿ ಇರಚಲು ಅಂತ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ಅದಕ್ಕೇ ಸಜ್ಜಾ ಅಗಲ ಇರಲಿ.

ಕೊನೆಗೆ ಎದುರು ಗೋಡೆ ಒಡೆದು, ಬೆಂಚಿನ ಮೇಲೆ ಫ್ಯಾನ್ ಕೂರಿಸಿದೆ. ಖರ್ಚು ನನ್ನದೇ. ಮತ್ತೆ ಊದುಬತ್ತಿ ಹಿಡಿದಾಗ ಹೊಗೆ ಓರೆಯಾಗಿ ಸೀದಾ ಹೊರಗೆ ಹೋಯಿತು.