ಹಳೇ ಮಿನಿ ಪಿಸಿ ಕೊಂಡಿರಾ? ಮೊದಲು ಮುಚ್ಚಳ ಬಿಚ್ಚಿ

ಹಳೇ ಗೇಮ್ ಆಡಲು ಬೆಂಗಳೂರಿನ ಎಸ್.ಪಿ. ರೋಡಿನಿಂದ ಇಂಟೆಲ್ ಐ5-6500ಟಿ ಪ್ರೊಸೆಸರಿನ ಮಿನಿ ಪಿಸಿ ತಂದಿದ್ದೆ. ಬಿಚ್ಚಿ ನೋಡಿದರೆ ಫ್ಯಾನಿನ ಹಿಂದೆ ಧೂಳು ಕಂಬಳಿ ಹಾಗೆ ಕೂತಿತ್ತು. ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದೆ. ಜಾಸ್ತಿ ಬೇಡ. ಪ್ರೊಸೆಸರಿನ ಬಿಸಿ 90 ಡಿಗ್ರಿ ಮುಟ್ಟುತ್ತಿದ್ದದ್ದು 70ರ ಆಸುಪಾಸಿಗೆ ಇಳಿಯಿತು. ಬ್ರಷ್ ಆಡಿಸುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಸುಮ್ನೆ ಗಿರಗಿರ ತಿರುಗಲು ಬಿಡಬೇಡಿ.

ರ‍್ಯಾಮ್ 8 ಜಿಬಿಯದು ಒಂದೇ ಹಾಕುವ ಬದಲು 4ರದು ಎರಡು ಹಾಕಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಲ್ವಾ, ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್ ಬಳಸುತ್ತದೆ. ಎರಡೂ ಸ್ಲಾಟ್ ತುಂಬಿದರೆ ಗೇಮ್ ಸರಾಗವಾಗಿ ಓಡುತ್ತದೆ. ಲ್ಯಾಪ್‌ಟಾಪ್ ರ‍್ಯಾಮೇ ಬೇಕು. ನಿಮ್ಮ ಪಿಸಿಯಲ್ಲಿರುವ ರ‍್ಯಾಮ್ ಬಗೆ ಡಿಡಿಆರ್3ಎಲ್ಲೋ ಡಿಡಿಆರ್4ಓ ನೋಡಿಕೊಂಡು ತನ್ನಿ. ಡಾಸ್‌ಬಾಕ್ಸ್ ಅನ್ನೋ ತಂತ್ರಾಂಶದಲ್ಲಿ ಬರೀ ಹಳೇ ಡಾಸ್ ಕಾಲದ ಗೇಮ್ ಆಡುವವರಿಗೆ ರ‍್ಯಾಮ್ ಖರ್ಚು ಬೇಡವೇ ಬೇಡ.