ಗರಸಿಗೆ ಎಡಗಾಲು, ಡಾಂಬರಿಗೆ ಬಲಗಾಲು

ಈ ಸೀಸನ್ನಿನ ಪುಣೆ ಆಟೋಕ್ರಾಸ್‌ನಲ್ಲಿ (ಗರಸಿನ ಟ್ರ್ಯಾಕಿನಲ್ಲಿ ಗಡಿಯಾರದ ಜೊತೆ ಕಾರು ಓಟ) ನನ್ನ ಹಳೇ ಸ್ವಿಫ್ಟ್ ಕಾರು 1.3 ಲೀಟರ್ ಕ್ಲಾಸಿನಲ್ಲಿ ಎರಡನೇ ಸ್ಥಾನಕ್ಕೆ ಬಂತು. "ಎಡಗಾಲಿನ ಬ್ರೇಕ್ ಯಾಕ್ರಿ ಅಣ್ಣಾರ, ಹ್ಯಾಂಡ್‌ಬ್ರೇಕ್ ಎಳೀರಿ ಸಾಕು" ಅನ್ನುತ್ತಿದ್ದ ಪುಣೆ ಪಕ್ಕದ ಭೋಸರಿಯಲ್ಲಿರುವ ನಮ್ಮ ಗದಗಿನ ಮೆಕ್ಯಾನಿಕ್ ಈಗ ಎಡಗಾಲಿನ ಬ್ರೇಕನ್ನೇ ಬೇರೆಯವರಿಗೆ ಹೇಳಿಕೊಡುತ್ತಿದ್ದಾನೆ!

ಹ್ಯಾಂಡ್‌ಬ್ರೇಕ್ ನಾನೂ ಎಳೆದು ನೋಡಿದವನೇ. ಹೇರ್‌ಪಿನ್ ತಿರುವಿಗೆ ಸರಿ, ಅದಕ್ಕೆ ಕಂಪನಿ ಕೊಟ್ಟ ಕೇಬಲ್ ಹ್ಯಾಂಡ್‌ಬ್ರೇಕೇ ಸಾಕು. ಮೂರನೇ ಗೇರಿನ ತಿರುವಿನಲ್ಲಿ ಎಳೆದರೆ ಬಾಲವೇನೋ ತಿರುಗುತ್ತದೆ, ವೇಗ ಸತ್ತುಹೋಗುತ್ತದೆ. ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್‌ಗೆ ಹತ್ತು ಸಾವಿರದ ಹತ್ತಿರ ಸುರಿದೆ. ಈಗ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದೆ.

ಎಡಗಾಲಿನಿಂದ ಬ್ರೇಕ್ ಒತ್ತುವಾಗ ಬಲಗಾಲು ಆಕ್ಸಿಲರೇಟರ್ ಬಿಡಬಾರದು. ಮುಂದಿನ ಚಕ್ರಗಳನ್ನು ಇಂಜಿನ್ ತಿರುಗಿಸುತ್ತಲೇ ಇರುತ್ತದೆ, ಹಾಗಾಗಿ ಅವು ಸುಲಭಕ್ಕೆ ಲಾಕ್ ಆಗಲ್ಲ. ಬ್ರೇಕಿನ ಪರಿಣಾಮ ಹಿಂದಿನ ಚಕ್ರಗಳ ಮೇಲೆ ಜಾಸ್ತಿ. ಬಾಲ ಹಗುರಾಗಿ ಜಾರುತ್ತದೆ. ಗರಸಿನ ಮೇಲೆ ತಿರುವು ಬರುವ ಮೊದಲೇ ಗಾಡಿಯ ಮೂತಿ ತಿರುಗಿರಬೇಕು. ಡಾಂಬರಿನ ಹಾಗೆ ಅಪೆಕ್ಸ್‌ಗೆ (ತಿರುವಿನ ಒಳಅಂಚಿನ ಬಿಂದು) ಕಾಯುತ್ತ ಕೂತರೆ ಅಂಡರ್‌ಸ್ಟಿಯರ್ ಆಗಿ, ಅಂದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ, ನೇರ ಹೊರಗೆ.

ಜಾಸ್ತಿ ಕಾಡಿದ್ದು ಬ್ರೇಕ್ ಬೂಸ್ಟರ್, ಇಂಜಿನ್ನಿನ ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡುವ ಭಾಗ. ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಎರಡು ಮೂರು ಸಲ ಬ್ರೇಕ್ ಒತ್ತಿದರೆ ವ್ಯಾಕ್ಯೂಮ್ ಖಾಲಿ, ಪೆಡಲ್ ಗಟ್ಟಿ. ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿ ಅಂದರು ಒಬ್ಬರು. ಮೂರು ನಾಲ್ಕು ಸಾವಿರ ದಂಡ, ಪೆಡಲ್ ಹಾಗೇ. ಕೊನೆಗೆ ಪರಿಹಾರ ಸಿಕ್ಕಿದ್ದು ಗುಜರಿಯಲ್ಲಿ, ಸುಮಾರು ಮುನ್ನೂರು ರೂಪಾಯಿಗೆ. ಏನು ಅಂತ ಈಗ ಕೇಳಬೇಡಿ, ಸೀಸನ್ ಮುಗಿಯಲಿ.

ಟ್ಯಾಂಕರ್ ನೀರು ಹಾಕಿ ಹೋದ ತಕ್ಷಣ ಓಡಿಸಿದರೆ ಗರಸು ಸಾಬೂನಿನಂತೆ. ಒಂದಿಷ್ಟು ಗಾಡಿ ಓಡಿದ ಮೇಲೆ ಗ್ರಿಪ್ ಬರುತ್ತದೆ, ಒಣಗಿದರೆ ಮತ್ತೆ ಪುಡಿ. ಬೆಳಗ್ಗೆ ಹಿಡಿದ ದಾರಿ, ಅಂದರೆ ಲೈನ್, ಮಧ್ಯಾಹ್ನಕ್ಕೆ ಸಿಗಲ್ಲ. ಅದಕ್ಕೇ ನನ್ನ ಸರದಿಗೆ ಮೊದಲು ಗಾಡಿ ಬಿಟ್ಟು ಮೂಲೆಯಲ್ಲಿ ನಿಂತು ಬೇರೆಯವರ ಚಕ್ರ ನೋಡುತ್ತೇನೆ. ಡಾಂಬರಿನಲ್ಲಿ ಉಲ್ಟಾ. ರಬ್ಬರ್ ಕೂತಷ್ಟೂ ಅದೇ ಲೈನಿನಲ್ಲಿ ಹಿಡಿತ, ಪಕ್ಕಕ್ಕೆ ಸರಿದರೆ ಉದುರಿ ಬಿದ್ದ ಟೈರಿನ ಚೂರುಗಳ ಮೇಲೆ ಜಾರಾಟ.

ಇದೇ ಎಡಗಾಲಿನ ಆಟವನ್ನು ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲೂ ಆಡಿ ನೋಡೋಣ ಅಂತ ಗಾಡಿ ಟ್ರೇಲರ್ ಮೇಲೆ ಹಾಕಿದೆ. ಪುಣೆಯಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ, ಬಾಡಿಗೆ ಕೇಳಿ ಹೆಂಡತಿ ಮಾತು ಬಿಟ್ಟಳು. 2.1 ಕಿಲೋಮೀಟರಿನ ಟ್ರ್ಯಾಕ್. ಕೆಲವೇ ಸುತ್ತಿಗೆ ಮುಂದಿನ ಟೈರುಗಳ ಅಂಚು ಸವೆಯಿತು, ಬ್ರೇಕ್ ಫ್ಲೂಯಿಡ್ ಕುದಿಯಿತು. ಹಾಕಿದ್ದು ಡಾಟ್ 3 ದರ್ಜೆಯದು. ಅದು ಹೊಸದಾಗಿದ್ದರೂ 205 ಡಿಗ್ರಿ ದಾಟಿದರೆ ಕುದಿಯಬಹುದು. ಡಾಟ್ 4ಕ್ಕೆ ಈ ಮಿತಿ 230. ಅಲ್ಲಿ ನೇರ ದಾರಿಯಲ್ಲೇ ಬಲಗಾಲಿನಿಂದ ಜೋರಾಗಿ ಬ್ರೇಕ್ ಒತ್ತಿ, ಅಪೆಕ್ಸ್ ತನಕ ಮೆಲ್ಲಗೆ ಬಿಡುತ್ತ ಹೋದಾಗಲೇ ಟೈಮ್ ಇಳಿದಿದ್ದು, ಒಂದೂವರೆ ಸೆಕೆಂಡಿನಷ್ಟು. ಬಾಲ ಜಾರಿಸಿದರೆ ನೋಡೋಕೆ ಚೆಂದ ಅಷ್ಟೇ.

ಟೈರಿನ ಗಾಳಿ ಡಾಂಬರಿಗೆ, ಟೈರು ತಣ್ಣಗಿರುವಾಗ, 28 ಪಿಎಸ್‌ಐ ಸುತ್ತ ಇಡುತ್ತೇನೆ, ಬಿಸಿಯಾದರೆ 33-34 ಆಗುತ್ತದೆ. ಗರಸಿಗೆ ಮುಂದೆ 24-25. ಅದಕ್ಕಿಂತ ಇಳಿಸಿ ಎರಡು ರಿಮ್ ಬಾಗಿದವು. ಹಿಂದಿನ ಟೈರಿನ ಲೆಕ್ಕ ಹೇಳಲ್ಲ. ಮುಂದಿನದಕ್ಕಿಂತ ಜಾಸ್ತಿ, ಅಷ್ಟು ತಿಳ್ಕೊಳ್ಳಿ.