ರಿಪೋರ್ಟ್‌ನಲ್ಲಿ ‘ಅಬ್‌ನಾರ್ಮಲ್’ ಅಂತ ಬಂದರೆ ಮುಂದೇನು?

ಅರಸೀಕೆರೆಯಲ್ಲಿರುವ ನನ್ನ ಅತ್ತಿಗೆ ಒಂದು ಮಧ್ಯಾಹ್ನ ಫೋನ್ ಮಾಡಿದರು. ದನಿ ತಗ್ಗಿಸಿ, ‘ನಂಗೇನೋ ಆಸ್ಕಸ್ ಅಂತೆ ಕಣೇ. ನಿಮ್ಮಣ್ಣಂಗೆ ಇನ್ನೂ ಹೇಳಿಲ್ಲ’ ಅಂದರು. ಗರ್ಭಕೋಶದ ಕೊರಳಿನ ಪ್ಯಾಪ್ ಪರೀಕ್ಷೆ ಮಾಡಿಸಿ ಆಗಲೇ ಐದು ತಿಂಗಳಾಗಿತ್ತು. ರಿಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿತ್ತು. ಅಷ್ಟೂ ದಿನ ಅದು ಕ್ಯಾನ್ಸರೇ ಅಂದುಕೊಂಡು ಒಬ್ಬರೇ ಒಳಗೊಳಗೇ ಕೊರಗಿದ್ದರು.

ಆ ಹಾಳೆಯಲ್ಲಿ ಕ್ಯಾನ್ಸರ್ ಅನ್ನುವ ಪದವೇ ಇರಲಿಲ್ಲ. ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡುವುದೇ ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆ ಹುಡುಕುವುದಕ್ಕೆ. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ ತಗುಲಿ ಅದು ಕ್ಯಾನ್ಸರ್‌ಗೆ ತಿರುಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10 ವರ್ಷ ಸಾಕು. ಇಷ್ಟು ಸಮಯ ಸಿಗುವ ಕ್ಯಾನ್ಸರ್ ಬೇರೆ ಜಾಸ್ತಿ ಇಲ್ಲ. ಆದರೂ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಬಂತು, ಹೆಚ್ಚುಕಡಿಮೆ 80 ಸಾವಿರ ಮಂದಿ ತೀರಿಕೊಂಡರು. ಪರೀಕ್ಷೆಯನ್ನೇ ಮಾಡಿಸದವರು ಬಹಳ. ಮಾಡಿಸಿಯೂ ಸೀರೆ ಕೆಳಗೆ ಇಟ್ಟವರೂ ಇರುತ್ತಾರೆ.

1. ಯಾವ ಪರೀಕ್ಷೆ ಅಂತ ಮೊದಲು ನೋಡಿ

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ಕ್ಯಾಂಪ್‌ಗಳಲ್ಲಿ ಮಾಡುವುದು ಹೆಚ್ಚಾಗಿ ವಿಐಎ. 3ರಿಂದ 5 ಪರ್ಸೆಂಟ್ ಅಸಿಟಿಕ್ ಆಸಿಡ್, ಅಂದರೆ ಹೆಚ್ಚುಕಡಿಮೆ ಅಡುಗೆಯ ವಿನೆಗರ್, ಗರ್ಭಕೋಶದ ಕೊರಳಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ಬೆಳ್ಳನೆಯ ಮಚ್ಚೆ ಎದ್ದರೆ ಪಾಸಿಟಿವ್. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕು ಅಂತಿದೆ. ಒಂದು ಮಾತು ನೆನಪಿಡಿ: ಬರೀ ಸೋಂಕು, ಊತ ಇದ್ದರೂ ಬೆಳ್ಳಗಾಗಬಹುದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ಈ ಪರೀಕ್ಷೆ ಅಷ್ಟು ನಂಬಿಕೆಯದ್ದಲ್ಲ.

ಪ್ಯಾಪ್ ಸ್ಮಿಯರ್‌ನಲ್ಲಿ ಜೀವಕೋಶಗಳನ್ನು ಬ್ರಶ್‌ನಿಂದ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಮೂರನೆಯದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಇದು ವೈರಸ್ ಇದೆಯಾ ಅಂತಷ್ಟೇ ಹೇಳುತ್ತದೆ. ನಮ್ಮ ಬೀದರ್, ಕಲಬುರಗಿ ಗಡಿಗೆ ತಾಗಿದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 1.3 ಲಕ್ಷ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆ, ಅದರ ಹಿಂದೆಯೇ ಚಿಕಿತ್ಸೆ, ಇಷ್ಟರಿಂದಲೇ ಸಾವುಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಈಗ ಮೊದಲು ಹೇಳುವುದೂ ಇದನ್ನೇ.

2. ಅಕ್ಷರಗಳನ್ನು ಬಿಡಿಸಿಕೊಳ್ಳಿ

ಪ್ಯಾಪ್ ರಿಪೋರ್ಟ್ ಹೆದರಿಸುವುದು ಅದರ ಭಾಷೆಯಿಂದ. ‘ಎನ್‌ಐಎಲ್‌ಎಂ’ ಅಂತಿದ್ದರೆ ಏನೂ ತೊಂದರೆ ಕಂಡಿಲ್ಲ ಅಂತ. ‘ಇನ್‌ಫ್ಲಮೇಟರಿ’ ಅಂತ ನಮ್ಮ ಕಡೆ ಬಹಳ ಜನಕ್ಕೆ ಬರುತ್ತದೆ. ಊತ, ಸೋಂಕು ಇರಬಹುದು ಅಷ್ಟೆ. ತುರಿಕೆ, ವಾಸನೆ, ಬಿಳಿ ಹೋಗುವುದು ಇದ್ದರೆ ಅದಕ್ಕೆ ಔಷಧ ಕೊಡುತ್ತಾರೆ. ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಅಂದರೆ ಸ್ಯಾಂಪಲ್ ಸರಿಯಾಗಿ ಬಂದಿಲ್ಲ, ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೊಮ್ಮೆ ಕೊಡಿ ಅಂತ.

ನನ್ನ ಅತ್ತಿಗೆಯ ‘ಆಸ್ಕಸ್’ ಎಲ್ಲಕ್ಕಿಂತ ಸೌಮ್ಯವಾದ ಅಬ್‌ನಾರ್ಮಲ್. ಜೀವಕೋಶಗಳು ಸ್ವಲ್ಪ ಬೇರೆ ಥರ ಕಾಣುತ್ತಿವೆ, ಯಾಕೆ ಅಂತ ಖಚಿತವಾಗಿ ಹೇಳಲಾಗದು ಅಂತ ಲ್ಯಾಬ್‌ನವರೇ ಒಪ್ಪಿಕೊಳ್ಳುವ ಪದ ಅದು. ಆಮೇಲೆ ಎಚ್‌ಪಿವಿ ಪರೀಕ್ಷೆ ಮಾಡಿಸುತ್ತಾರೆ. ನೆಗೆಟಿವ್ ಬಂದರೆ ಸಾಮಾನ್ಯವಾಗಿ ಮೂರು ವರ್ಷ ಬಿಟ್ಟು ಮತ್ತೆ ಪರೀಕ್ಷೆ. ಪಾಸಿಟಿವ್ ಬಂದರೆ ಕಾಲ್ಪೋಸ್ಕೋಪಿ, ಅಂದರೆ ಕೊರಳನ್ನು ಯಂತ್ರದಲ್ಲಿ ದೊಡ್ಡದಾಗಿ ನೋಡುವುದು. ‘ಎಲ್‌ಸಿಲ್’ ಅಂದರೆ ಕೆಳ ದರ್ಜೆಯ ಬದಲಾವಣೆ. ಇದಕ್ಕೂ ಹೆಚ್ಚಾಗಿ ಕಾಲ್ಪೋಸ್ಕೋಪಿಯೇ.

‘ಎಚ್‌ಸಿಲ್’ (ಮೇಲ್ದರ್ಜೆಯ ಬದಲಾವಣೆ), ‘ಆಸ್ಕ್-ಎಚ್’ (ಮೇಲ್ದರ್ಜೆಯದಿರಬಹುದು ಅನ್ನುವ ಸಂಶಯ), ‘ಎಜಿಸಿ’ (ಗ್ರಂಥಿಯ ಜೀವಕೋಶಗಳಲ್ಲಿ ಬದಲಾವಣೆ), ಈ ಮೂರರಲ್ಲಿ ಯಾವುದಿದ್ದರೂ ಕಾಯುತ್ತಾ ಕೂರಬಾರದು. ಆರು ತಿಂಗಳು ಬಿಟ್ಟು ನೋಡೋಣ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ. ಎಜಿಸಿ ಇದ್ದು ವಯಸ್ಸು 35 ದಾಟಿದ್ದರೆ ಗರ್ಭಕೋಶದ ಒಳಪದರದ ಸ್ಯಾಂಪಲ್ಲನ್ನೂ ತೆಗೆಯಬೇಕು. ಇದನ್ನು ನೀವೇ ಬಾಯಿಬಿಟ್ಟು ಕೇಳಿ.

3. ಎಚ್‌ಪಿವಿ ಪಾಸಿಟಿವ್ ಬಂದರೆ ಮನೆಯಲ್ಲಿ ಜಗಳ ಆಡಬೇಡಿ

ಅತ್ತಿಗೆಗೆ ಪಾಸಿಟಿವ್ ಬಂತು. ‘ಹಂಗಾದ್ರೆ ನಿಮ್ಮಣ್ಣ...’ ಅಂತ ಶುರು ಮಾಡಿದರು. ಅಲ್ಲೇ ತಡೆದೆ. ದಾಂಪತ್ಯ ಜೀವನ ನಡೆಸಿದ ಬಹುತೇಕ ಎಲ್ಲರಿಗೂ ಯಾವಾಗಲೋ ಒಮ್ಮೆ ಈ ವೈರಸ್ ತಗುಲಿರುತ್ತದೆ. ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಗೆ ಹಾಕುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳುವ ಪರೀಕ್ಷೆಯೇ ಇಲ್ಲ. ವೈರಸ್‌ಗೆ ಮಾತ್ರೆಯೂ ಇಲ್ಲ. ಲಸಿಕೆ ಈಗಾಗಲೇ ತಗುಲಿದ್ದನ್ನು ವಾಸಿ ಮಾಡುವುದಿಲ್ಲ, ಅದು 9ರಿಂದ 14 ವರ್ಷದ ಮಗಳಿಗೆ ಹೆಚ್ಚು ಉಪಯೋಗ.

ರಿಪೋರ್ಟಿನಲ್ಲಿ ಟೈಪ್ ನಂಬರ್ ಇದೆಯಾ ನೋಡಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ನಲ್ಲಿ ಸುಮಾರು 70 ಪರ್ಸೆಂಟ್‌ಗೆ 16 ಮತ್ತು 18 ಕಾರಣ. ಇವು ಬಂದರೆ ಪ್ಯಾಪ್ ಚೆನ್ನಾಗಿದ್ದರೂ ನೇರ ಕಾಲ್ಪೋಸ್ಕೋಪಿಗೆ ಹೋಗಬೇಕು. ಬೇರೆ ಟೈಪ್ ಆಗಿದ್ದು ಪ್ಯಾಪ್ ನಾರ್ಮಲ್ ಇದ್ದರೆ ವರ್ಷ ಬಿಟ್ಟು ಮತ್ತೆ ಪರೀಕ್ಷೆ.

4. ಕಾಲ್ಪೋಸ್ಕೋಪಿಗೆ ಹೋಗುವಾಗ

ಹೆಸರು ಕೇಳಿ ಏನೋ ಒಳಗೆ ತೂರಿಸುತ್ತಾರೆ ಅಂದುಕೊಳ್ಳುತ್ತಾರೆ. ಇಲ್ಲ. ಯೋನಿಯನ್ನು ಅಗಲಿಸಿ ಹಿಡಿಯಲು ಪ್ಯಾಪ್‌ಗೆ ಹಾಕಿದ ಸ್ಪೆಕ್ಯುಲಮ್ಮನ್ನೇ ಹಾಕುತ್ತಾರೆ, ದೊಡ್ಡದಾಗಿ ತೋರಿಸುವ ಯಂತ್ರ ಹೊರಗೇ ಇರುತ್ತದೆ. ಮತ್ತೆ ವಿನೆಗರ್, ಆಮೇಲೆ ಅಯೋಡಿನ್. ಚೆನ್ನಾಗಿರುವ ಜಾಗ ಗಾಢ ಕಂದಾಗುತ್ತದೆ, ಸಂಶಯದ ಜಾಗ ಸಾಸಿವೆ ಹಳದಿಯಾಗಿ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರೆ ಅದೇ ಬಯಾಪ್ಸಿ. ಚಿವುಟಿದ ಹಾಗೆ, ಮುಟ್ಟಿನ ಹೊಟ್ಟೆನೋವಿನ ಹಾಗೆ ಆಗುತ್ತದೆ.

ಮುಟ್ಟಿನ ದಿನಗಳಾಗದಂತೆ ದಿನ ಗೊತ್ತು ಮಾಡಿ. ಎರಡು ದಿನ ಮೊದಲಿನಿಂದ ಯೋನಿಗೆ ಇಡುವ ಮಾತ್ರೆ ಬೇಡ, ಗಂಡ ಹೆಂಡತಿ ಕೂಡುವುದೂ ಬೇಡ. ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಅಯೋಡಿನ್ ಆಗದಿದ್ದರೆ ಮೊದಲೇ ಹೇಳಿ. ಪ್ಯಾಡ್ ಜೊತೆಗಿರಲಿ. ಬಯಾಪ್ಸಿ ಆದ ಮೇಲೆ ಕಾಫಿಪುಡಿಯಂತೆ ಕಪ್ಪಗೆ ಹೋದರೆ ಗಾಬರಿ ಬೀಳಬೇಡಿ, ಅದು ರಕ್ತ ನಿಲ್ಲಿಸಲು ಹಚ್ಚಿದ ಔಷಧದ ಬಣ್ಣ.

5. ಬಯಾಪ್ಸಿ ಏನು ಹೇಳುತ್ತದೆ

ಇಲ್ಲಿ ‘ಸಿಐಎನ್’ ಅಂತ ಬರೆದು 1, 2 ಅಥವಾ 3 ಅಂತ ಹಾಕಿರುತ್ತಾರೆ. ಇದು ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆಯ ದರ್ಜೆ, ಕ್ಯಾನ್ಸರ್‌ನ ಸ್ಟೇಜ್ ಅಲ್ಲ. ಸಿಐಎನ್ 3 ಅನ್ನು ಮೂರನೇ ಸ್ಟೇಜ್ ಅಂದುಕೊಂಡು ಮನೆಮಂದಿಯೆಲ್ಲ ಅತ್ತಿದ್ದನ್ನು ನಾನೇ ಕಂಡಿದ್ದೇನೆ.

ಸಿಐಎನ್ 1 ಹೆಚ್ಚಾಗಿ ತಾನೇ ಹೋಗುತ್ತದೆ. ಅತ್ತಿಗೆಗೆ ಬಂದಿದ್ದು ಇದೇ. ವರ್ಷ ಬಿಟ್ಟು ಬನ್ನಿ ಅಂದರು. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲವಲ್ಲ, ಬೀರುವಿನ ಬಾಗಿಲ ಒಳಮೈಗೆ ತಾರೀಖು ಬರೆದು ಅಂಟಿಸಿದ್ದಾರೆ.

ಸಿಐಎನ್ 2, 3ಕ್ಕೆ ಚಿಕಿತ್ಸೆ ಬೇಕು. ಇನ್ನೂ ಮಕ್ಕಳು ಬೇಕಿರುವ ಚಿಕ್ಕ ವಯಸ್ಸಿನವರಲ್ಲಿ ಸಿಐಎನ್ 2 ಅನ್ನು ಕೆಲವೊಮ್ಮೆ ಹತ್ತಿರದಿಂದ ಗಮನಿಸುತ್ತಾ ಕಾಯುವುದುಂಟು. ಆ ಜಾಗವನ್ನು ಬಿಸಿಯಿಂದಲೋ ತಣ್ಣನೆಯ ಅನಿಲದಿಂದಲೋ ಸುಡಬಹುದು, ಇಲ್ಲವೇ ‘ಲೀಪ್’ ಅನ್ನುವ ವಿಧಾನದಲ್ಲಿ ತಂತಿಯ ಸುರುಳಿಯಿಂದ ಕತ್ತರಿಸಿ ತೆಗೆಯಬಹುದು. ಜಾಗ ಮರಗಟ್ಟಿಸಿ ಮಾಡುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ. ಒಂದು ತಿಂಗಳು ಕೂಡುವಂತಿಲ್ಲ. ಪ್ಯಾಡ್ ಮೇಲೆ ಪ್ಯಾಡ್ ತೋಯ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ತಕ್ಷಣ ಹೋಗಿ. ಲೀಪ್ ಆದವರಿಗೆ ಮುಂದೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಬಸಿರಾದಾಗ ಡಾಕ್ಟರಿಗೆ ತಿಳಿಸಿ. ಈಗಾಗಲೇ ಬಸುರಿಯಾಗಿದ್ದರೆ, ಕ್ಯಾನ್ಸರ್ ಸಂಶಯ ಇಲ್ಲದಿದ್ದಲ್ಲಿ, ಚಿಕಿತ್ಸೆಯನ್ನು ಹೆರಿಗೆ ನಂತರಕ್ಕೆ ಇಡುತ್ತಾರೆ.

6. ‘ಗರ್ಭಕೋಶ ತೆಗೆಸಿಬಿಡಿ’ ಅಂದರೆ

ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೇಗೂ ಮಕ್ಕಳಾಗಿವೆ, ಇನ್ನೇಕೆ ಆ ಚೀಲ ಅನ್ನುವ ಮಾತು ನಮ್ಮಲ್ಲಿ ತುಂಬಾ ಸಲೀಸು. ಕಲಬುರಗಿ, ರಾಣೆಬೆನ್ನೂರು ಕಡೆ ತಾಂಡಾದ ಹೆಣ್ಣುಮಕ್ಕಳ ಗರ್ಭಕೋಶವನ್ನು ಬೇಡದಿದ್ದರೂ ತೆಗೆದರು ಅನ್ನುವ ದೂರುಗಳು ಎದ್ದಿದ್ದು ನೆನಪಿದೆ ಅಲ್ವಾ? ಪ್ಯಾಪ್ ಅಬ್‌ನಾರ್ಮಲ್, ವಿಐಎ ಪಾಸಿಟಿವ್, ಎಚ್‌ಪಿವಿ ಪಾಸಿಟಿವ್, ಬಿಳಿ ಹೋಗುವುದು, ಇವು ಯಾವುವೂ ಗರ್ಭಕೋಶ ತೆಗೆಯಲು ಕಾರಣವಲ್ಲ. ಸಿಐಎನ್‌ಗೂ ಅದು ಮೊದಲ ಚಿಕಿತ್ಸೆಯಲ್ಲ. ಬಯಾಪ್ಸಿ ಇಲ್ಲದೆ ತೆಗೆದು, ಆಮೇಲೆ ಒಳಗೆ ಕ್ಯಾನ್ಸರ್ ಇತ್ತು ಅಂತ ಗೊತ್ತಾದರೆ ಇನ್ನೂ ಕಷ್ಟ. ಆ ಕ್ಯಾನ್ಸರ್‌ಗೆ ಮಾಡುವ ಆಪರೇಷನ್ನೇ ಬೇರೆ, ಮಾಡಿದ್ದು ಅರೆಬರೆಯಾಗಿ ಉಳಿಯುತ್ತದೆ.

ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಬರೀ ರಿಪೋರ್ಟ್ ಸಾಲದು. ಬಯಾಪ್ಸಿಯ ಸ್ಲೈಡ್ ಮತ್ತು ಆ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೊಡಿ ಅಂತ ಲ್ಯಾಬ್‌ನಲ್ಲಿ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಅವನ್ನು ಮತ್ತೆ ನೋಡಿ ಹೇಳಬಲ್ಲರು.

ಕೂಡಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ಹಳೆಯ ರಿಪೋರ್ಟ್ ನಾರ್ಮಲ್ ಇದೆ ಅಂತ ಸುಮ್ಮನಿರಬೇಡಿ. ನೇರ ಹೋಗಿ ತೋರಿಸಿ.

7. ಚಿಕಿತ್ಸೆ ಆದ ಮೇಲೆ

ಹೆಚ್ಚು ಜನ ತಪ್ಪಿಹೋಗುವುದು ಇಲ್ಲೇ. ಸಿಐಎನ್ 2 ಅಥವಾ 3ಕ್ಕೆ ಚಿಕಿತ್ಸೆ ಆದವರು ಆರು ತಿಂಗಳಿಂದ ಒಂದು ವರ್ಷದೊಳಗೆ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕು. ಆಮೇಲೆ ಕೆಲವು ವರ್ಷ ವರ್ಷಕ್ಕೊಮ್ಮೆ, ಸತತವಾಗಿ ನೆಗೆಟಿವ್ ಬಂದರೆ ಮೂರು ವರ್ಷಕ್ಕೊಮ್ಮೆ. ಒಟ್ಟು ಕನಿಷ್ಠ 25 ವರ್ಷ ಅನ್ನುವುದು ಅಮೆರಿಕದ ಮಾರ್ಗಸೂಚಿ. ನಮ್ಮ ಡಾಕ್ಟರುಗಳು ಹೇಳುವ ಅಂತರ ಹೆಚ್ಚುಕಡಿಮೆ ಆಗಬಹುದು, ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ಮುಂದೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿದರೂ ಇವರಿಗೆ ಪರೀಕ್ಷೆ ಮುಗಿಯುವುದಿಲ್ಲ. ಆಗ ಯೋನಿಯ ಮೇಲ್ಭಾಗದಿಂದ ಸ್ಯಾಂಪಲ್ ತೆಗೆಯುತ್ತಾರೆ. ಇದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ. ಹಳೆಯ ಬಯಾಪ್ಸಿ ರಿಪೋರ್ಟ್ ಆಗ ಬೇಕಾಗುತ್ತದೆ, ಫೋಟೊ ತೆಗೆದು ಮಗಳಿಗೋ ಸೊಸೆಗೋ ಕಳಿಸಿಡಿ.